ಧರ್ಮಗುರುಗಳಿಂದಾದ ನೋವು: ಗುಣವಾಗುವಿಕೆ ಮತ್ತು ಕ್ಷಮೆ

ಕ್ರೈಸ್ತ ಸಭೆಯ ಹಿರಿಯರಿಂದ ನೊಂದವರು ವೈದ್ಯನ ಬಳಿಗೆ ಬಂದಾಗ ಆ ನೋವಿನ ಹೆಸರು ಹೇಳುವುದು ಅಪರೂಪ. ನಿದ್ರೆ ಬಾರದು, ಎದೆ ಬಿಗಿಯುತ್ತದೆ, ಪೂಜೆಯ ದಿನ ಬಂತೆಂದರೆ ಹೊಟ್ಟೆ ಕೆಡುತ್ತದೆ ಎನ್ನುತ್ತಾರೆ. ಹೃದಯದ ಪರೀಕ್ಷೆಯಲ್ಲಿ ಏನೂ ಕಾಣದು. ಯಾವ ದಿನ, ಎಷ್ಟು ಹೊತ್ತಿಗೆ ಹೀಗಾಗುತ್ತದೆ ಎಂದು ತಾಳ್ಮೆಯಿಂದ ಕೇಳಿದಾಗ ಮಾತ್ರ ಮೂಲ ತಿಳಿಯುತ್ತದೆ.

ನೋವೆಂದರೆ ಲೈಂಗಿಕ ದೌರ್ಜನ್ಯವೊಂದೇ ಅಲ್ಲ. ಬಲಿಪೂಜೆಯ ನಡುವೆ ಎಲ್ಲರೆದುರು ಹೀಯಾಳಿಸಿದ್ದು, ನಂಬಿ ಹೇಳಿಕೊಂಡ ಗುಟ್ಟನ್ನು ಬಯಲು ಮಾಡಿದ್ದು, ವಂತಿಗೆಯ ಲೆಕ್ಕ ಕೇಳಿದವರನ್ನು ಸಭೆಯಿಂದ ದೂರವಿಟ್ಟದ್ದು, ಇವೂ ಅದರಲ್ಲಿ ಸೇರುತ್ತವೆ. ಇವೆಲ್ಲ ಒಂದೇ ತೂಕದವಲ್ಲ. ಆದರೆ ಎಲ್ಲದರಲ್ಲೂ ದೇವರ ಹೆಸರಿನಲ್ಲಿ ಮಾತಾಡುವವನೇ ಗಾಯ ಮಾಡಿರುತ್ತಾನೆ. ಹೀಗಾಗಿ ನೊಂದವರು ಒಬ್ಬ ಮನುಷ್ಯನನ್ನಷ್ಟೇ ಅಲ್ಲ, ಪ್ರಾರ್ಥನೆಯ ದಾರಿಯನ್ನೂ ಕಳೆದುಕೊಳ್ಳುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೆನಿಫರ್ ಫ್ರೈಡ್ ‘ಸಾಂಸ್ಥಿಕ ದ್ರೋಹ’ ಎಂದು ಕರೆದದ್ದು ಇದರ ಮುಂದಿನ ಹಂತವನ್ನು. ರಕ್ಷಿಸಬೇಕಾದ ಸಂಸ್ಥೆಯೇ ದೂರನ್ನು ಮುಚ್ಚಿಹಾಕಿದರೆ ಮೊದಲ ಗಾಯ ಇಮ್ಮಡಿಯಾಗುತ್ತದೆ.

ಶುಐಬಾದಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಕುವೈತ್ ನಗರದ ದಕ್ಷಿಣಕ್ಕಿರುವ ಈ ಬಂದರು ಮತ್ತು ಕೈಗಾರಿಕಾ ಪ್ರದೇಶದ ತೈಲ ಸಂಸ್ಕರಣಾಗಾರ 2017ರಲ್ಲಿ ಮುಚ್ಚಿದರೂ ಉಳಿದ ಕಾರ್ಖಾನೆಗಳಲ್ಲಿ ದುಡಿಮೆ ನಡೆದೇ ಇದೆ. ಇಲ್ಲಿಯ ಕಥೋಲಿಕರಿಗೆ ಸಮೀಪದ್ದು ಅಹ್ಮದಿಯಲ್ಲಿ ಅರೇಬಿಯಾದ ಮಾತೆಗೆ ಅರ್ಪಿತವಾದ ದೇವಾಲಯ. ವಾರದ ರಜೆ ಶುಕ್ರವಾರವಾದ್ದರಿಂದ ಜನ ಹೆಚ್ಚಾಗಿ ಸೇರುವುದೂ ಅಂದೇ. ಮಂಗಳೂರಿನಲ್ಲಾದರೆ ಒಂದು ಇಗರ್ಜಿಯ ಪಾದ್ರಿಯೊಡನೆ ಮನಸ್ಸು ಮುರಿದರೆ ಪಕ್ಕದ ಇಗರ್ಜಿಗೆ ನಡೆದು ಹೋಗಬಹುದು. ಕುವೈತಿನಲ್ಲಿ ಮಾನ್ಯತೆ ಪಡೆದ ದೇವಾಲಯಗಳು ಬೆರಳೆಣಿಕೆಯಷ್ಟು. ಅದೇ ಆವರಣದಲ್ಲಿ ಪ್ರಾರ್ಥನೆ, ಅಲ್ಲೇ ಊರ ಭಾಷೆ, ಕೆಲಸದ ಸುದ್ದಿ, ಮಗಳ ಮದುವೆಯ ಮಾತು. ಅದರಿಂದ ದೂರವಾದವರು ಎಲ್ಲದರಿಂದಲೂ ದೂರವಾಗುತ್ತಾರೆ. ‘ಪರದೇಶದಲ್ಲಿ ನಮ್ಮ ಮಾನ ತೆಗೆಯಬೇಡ’ ಎಂಬ ಹಿತವಚನವೂ ಜೊತೆಗೆ ಬರುತ್ತದೆ. ನನ್ನ ಅನುಭವದಲ್ಲಿ, ಹೇಳುವವರ ಉದ್ದೇಶ ಒಳ್ಳೆಯದಿದ್ದರೂ ರೋಗವನ್ನು ಬೆಳೆಸುವ ಮಾತುಗಳಲ್ಲಿ ಇದು ಮುಖ್ಯವಾದದ್ದು.

ಕರ್ನಾಟಕದಲ್ಲಿ ಹತ್ತಿರದ ಉದಾಹರಣೆ ಮೈಸೂರು ಧರ್ಮಪ್ರಾಂತ್ಯದ್ದು. 2019ರಲ್ಲಿ ಅಲ್ಲಿಯ 37 ಮಂದಿ ಗುರುಗಳು ತಮ್ಮ ಬಿಷಪರ ಮೇಲೆ ಗಂಭೀರ ಆರೋಪಗಳನ್ನು ಹೊರಿಸಿ ವ್ಯಾಟಿಕನ್‌ಗೆ ಪತ್ರ ಬರೆದರು. ಬಿಷಪರು ಅವನ್ನು ಅಲ್ಲಗಳೆದರು. 2023ರ ಜನವರಿಯಲ್ಲಿ ವ್ಯಾಟಿಕನ್ ಅವರನ್ನು ಆಡಳಿತದಿಂದ ದೂರವಿರಿಸಿ, ಬೆಂಗಳೂರಿನ ನಿವೃತ್ತ ಆರ್ಚ್‌ಬಿಷಪ್ ಬರ್ನಾರ್ಡ್ ಮೊರಾಸ್ ಅವರನ್ನು ಆಡಳಿತಾಧಿಕಾರಿಯಾಗಿ ನೇಮಿಸಿತು. ಆರೋಪಗಳ ಸತ್ಯಾಸತ್ಯವನ್ನು ತೂಗುವುದು ಈ ಲೇಖನದ ಕೆಲಸವಲ್ಲ. ಪತ್ರಕ್ಕೂ ಕ್ರಮಕ್ಕೂ ನಡುವಿನ ಆ ಮೂರು ವರ್ಷಗಳಲ್ಲಿ ಸಾಮಾನ್ಯ ವಿಶ್ವಾಸಿಗಳು ಪ್ರತಿವಾರ ಯಾರನ್ನು ನಂಬಿ ಮೊಣಕಾಲೂರಿದರು ಎಂಬ ಪ್ರಶ್ನೆ ಮಾತ್ರ ನಮ್ಮದು.

ಕ್ಷಮೆಯ ಮಾತು ಬಂದಾಗಲೆಲ್ಲ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯವನ್ನು ತೆರೆಯುತ್ತಾರೆ. ಎಷ್ಟು ಸಲ ಕ್ಷಮಿಸಬೇಕೆಂದು ಪೇತ್ರ ಕೇಳುವ ಭಾಗ. ಅದೇ ಅಧ್ಯಾಯದ 6ನೆಯ ವಚನದಲ್ಲಿ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುಕಲ್ಲು ಕಟ್ಟುವ ಮಾತಿದೆ. 15ರಿಂದ 17ರವರೆಗೆ ತಪ್ಪು ಮಾಡಿದವನನ್ನು ಮೊದಲು ಏಕಾಂತದಲ್ಲಿ, ಬಳಿಕ ಸಾಕ್ಷಿಗಳೊಡನೆ, ಕೊನೆಗೆ ಇಡೀ ಸಭೆಯ ಮುಂದೆ ಪ್ರಶ್ನಿಸುವ ಕ್ರಮವಿದೆ. ಪೇತ್ರನ ಪ್ರಶ್ನೆ ಬರುವುದು ಇವೆಲ್ಲ ಆದ ಮೇಲೆ, 21ರಲ್ಲಿ. ಹಿಂದಿನದನ್ನೆಲ್ಲ ಬಿಟ್ಟು ಅದೊಂದನ್ನೇ ನೊಂದವರ ಮೇಲೆ ಹೇರುವುದು ಸುವಾರ್ತೆಯನ್ನು ಅರ್ಧ ಓದಿದಂತೆ. ಏಕಾಂತದಲ್ಲಿ ಪ್ರಶ್ನಿಸುವ ಮೊದಲ ಹೆಜ್ಜೆಯನ್ನೂ ದೌರ್ಜನ್ಯಕ್ಕೆ ಒಳಗಾದ ಮಗುವಿನಿಂದ ನಿರೀಕ್ಷಿಸಲಾಗದು. ಅಲ್ಲಿ ಅನ್ವಯಿಸುವುದು ಬೀಸುಕಲ್ಲಿನ ಮಾತು.

ಕ್ಷಮೆಯಿಂದ ದೇಹಕ್ಕೂ ಮನಸ್ಸಿಗೂ ಪ್ರಯೋಜನವಿದೆ ಎಂಬುದನ್ನು ವೈದ್ಯನಾಗಿ ಒಪ್ಪುತ್ತೇನೆ. ಮನಶ್ಶಾಸ್ತ್ರಜ್ಞ ಎವರೆಟ್ ವರ್ದಿಂಗ್ಟನ್ ರೂಪಿಸಿದ ಕ್ಷಮೆಯ ಅಭ್ಯಾಸಪುಸ್ತಕವನ್ನು ಕೊಲಂಬಿಯಾ, ಹಾಂಗ್‌ಕಾಂಗ್, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ, ಉಕ್ರೇನ್‌ಗಳಲ್ಲಿ 4,598 ಜನರ ಮೇಲೆ ಪರೀಕ್ಷಿಸಿದಾಗ ಖಿನ್ನತೆ, ಆತಂಕಗಳು ಇಳಿದದ್ದು ಕಂಡಿತು. ವರ್ದಿಂಗ್ಟನ್ ಸ್ವತಃ ತಾಯಿಯನ್ನು ಕೊಲೆಗಡುಕನಿಂದ ಕಳೆದುಕೊಂಡವರು. ಅವರ ಮಾತಿಗೆ ಪುಸ್ತಕದಾಚೆಯ ತೂಕವಿದೆ. ಇನ್ನು ಮುಂದೆ ಸೇಡು ತೀರಿಸಿಕೊಳ್ಳುವುದಿಲ್ಲ ಎಂಬ ನಿರ್ಧಾರ ಒಂದು, ಒಳಗಿನ ಕಹಿ ಕರಗುವುದು ಇನ್ನೊಂದು ಎಂದು ಅವರು ಬಿಡಿಸಿ ಹೇಳುತ್ತಾರೆ. ಮೊದಲನೆಯದು ಒಂದು ದಿನದಲ್ಲಿ ಆಗಬಹುದು. ಎರಡನೆಯದಕ್ಕೆ ವರ್ಷಗಳು ಬೇಕಾಗಬಹುದು. ಅದು ತಡವಾಯಿತೆಂದರೆ ವಿಶ್ವಾಸ ಕಡಿಮೆಯೆಂದು ಅರ್ಥವಲ್ಲ.

ಕ್ಷಮೆಗೂ ರಾಜಿಗೂ ಇರುವ ಅಂತರವನ್ನೂ ಮರೆಯಬಾರದು. ಕ್ಷಮಿಸುವುದು ಒಬ್ಬರಿಂದ ಸಾಧ್ಯ. ರಾಜಿಗೆ ಇಬ್ಬರು ಬೇಕು, ತಪ್ಪಿನ ಒಪ್ಪಿಗೆ ಬೇಕು. ಕ್ಷಮಿಸಿದವಳು ಆ ಪಾದ್ರಿಯ ಕೈಯಿಂದ ಪ್ರಸಾದ ಸ್ವೀಕರಿಸಲೇಬೇಕೆಂದಿಲ್ಲ, ದೂರನ್ನು ಹಿಂಪಡೆಯಬೇಕೆಂದೂ ಇಲ್ಲ. ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಆಘಾತದ ಚೇತರಿಕೆಗೆ ಮೂರು ಘಟ್ಟಗಳನ್ನು ಹೇಳಿದರು: ಸುರಕ್ಷತೆ, ನೆನೆದು ದುಃಖಿಸುವುದು, ಮತ್ತೆ ಜನರೊಡನೆ ಬೆರೆಯುವುದು. ಸುರಕ್ಷತೆಯೇ ಇಲ್ಲದಿರುವಾಗ ಕ್ಷಮೆಯನ್ನು ಕೇಳುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟದೆ ನಡೆ ಎಂದಂತೆ.

ದೂರಿನ ದಾರಿಗಳು ಮೊದಲಿಗಿಂತ ಸ್ಪಷ್ಟವಾಗಿವೆ. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ನಿಯಮಗಳು ಆ ವರ್ಷದ ಜೂನ್ 1ರಿಂದ ಜಾರಿಗೆ ಬಂದು, 2023ರಲ್ಲಿ ಶಾಶ್ವತವಾದವು. ಅವುಗಳಂತೆ ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಸ್ವೀಕರಿಸುವ ವ್ಯವಸ್ಥೆ ಇರಬೇಕು. ಲೈಂಗಿಕ ದೌರ್ಜನ್ಯದ ವಿಷಯ ತಿಳಿದ ಗುರುಗಳು ಮತ್ತು ಸನ್ಯಾಸಿನಿಯರು ಅದನ್ನು ವರದಿ ಮಾಡಲೇಬೇಕು. ದೂರು ಕೊಟ್ಟವರ ಬಾಯಿ ಮುಚ್ಚಿಸುವಂತಿಲ್ಲ. ಕುವೈತ್ ಕಥೋಲಿಕ ಆಡಳಿತದಲ್ಲಿ ಉತ್ತರ ಅರೇಬಿಯಾದ ಧರ್ಮಾಧ್ಯಕ್ಷರ ವ್ಯಾಪ್ತಿಗೆ ಸೇರಿದ್ದು, ಅವರ ಪೀಠ ಬಹ್ರೇನ್‌ನಲ್ಲಿದೆ. ಘಟನೆ ಊರಿನಲ್ಲಿ ನಡೆದಿದ್ದು, ನೊಂದದ್ದು 18 ವರ್ಷದೊಳಗಿನ ಮಗುವಾಗಿದ್ದರೆ, 2012ರ ಪೋಕ್ಸೋ ಕಾಯ್ದೆಯ 19ನೆಯ ಕಲಮಿನಂತೆ ವಿಷಯ ಬಲ್ಲ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ಮನೆಯವರು ಕ್ಷಮಿಸಿದ್ದಾರೆ ಎಂಬುದು ಆ ಹೊಣೆಯನ್ನು ಇಳಿಸುವುದಿಲ್ಲ.