ಗಾಯಗೊಂಡ ಬಂದರು ಕಾರ್ಮಿಕರು ಮತ್ತು ಹಡಗಿನ ಮಾಲೀಕರ ಹೊಣೆ: 1981ರ ಸಿಂಧಿಯಾ ತೀರ್ಪು

ಹಡಗಿನಲ್ಲಿ ಸರಕು ಏರಿಳಿಸುವಾಗ ಕಾರ್ಮಿಕರು ಗಾಯಗೊಂಡಲ್ಲಿ, ಅವರನ್ನು ನೇಮಿಸಿಕೊಂಡ ಗುತ್ತಿಗೆ ಸಂಸ್ಥೆಯಲ್ಲದೆ ಹಡಗಿನ ಮಾಲೀಕರೂ ಹೊಣೆಗಾರರೇ ಎಂಬ ಬಗ್ಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ದಿನಾಂಕ 21.4.1981ರಂದು ಮಹತ್ವದ ತೀರ್ಪು ನೀಡಿತು. ಪ್ರಕರಣದ ಹಡಗು ‘ಜಲರತ್ನ’. ಅದರ ಮಾಲೀಕರು 1919ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ. ಭಾರತೀಯ ಹಡಗೊಂದರ ಹೆಸರಿನಲ್ಲಿ ಅಮೆರಿಕದ ಕಾರ್ಮಿಕ ಕಾನೂನಿನ ತತ್ವವೊಂದು ನೆಲೆಗೊಂಡಿರುವುದು ಗಮನಾರ್ಹ.

1972ರ ಡಿಸೆಂಬರ್‌ನಲ್ಲಿ ಸದರಿ ಹಡಗಿಗೆ ಗೋಧಿ ಮೂಟೆಗಳನ್ನು ತುಂಬಲಾಗುತ್ತಿತ್ತು. ಮೂಟೆ ಇಳಿಸುವ ವಿಂಚ್ ಯಂತ್ರ ಹಡಗಿಗೆ ಸೇರಿದ್ದು. ಅದನ್ನು ನಡೆಸುತ್ತಿದ್ದವರು ಗುತ್ತಿಗೆ ಸಂಸ್ಥೆಯ ಕೆಲಸಗಾರರು. ಅದರ ಬ್ರೇಕ್ ಎರಡು ದಿನಗಳಿಂದ ಸರಿಯಾಗಿ ಹಿಡಿಯುತ್ತಿರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಮೇಲಿನಿಂದ ಮೂಟೆಗಳು ಬಿದ್ದು ಕೆಳಗಿದ್ದ ಕಾರ್ಮಿಕರೊಬ್ಬರು ಗಾಯಗೊಂಡರು.

1946ರ ತೀರ್ಪೊಂದರಿಂದಾಗಿ ಆವರೆಗೆ ಇಂತಹ ಕಾರ್ಮಿಕರು, ಹಡಗು ಸುಸ್ಥಿತಿಯಲ್ಲಿರಲಿಲ್ಲವೆಂದು ತೋರಿಸಿದರೆ ಸಾಕಿತ್ತು. ಮಾಲೀಕರ ತಪ್ಪನ್ನು ರುಜುವಾತುಪಡಿಸಬೇಕಾಗಿರಲಿಲ್ಲ. 1972ರ ತಿದ್ದುಪಡಿಯು ಈ ಹಕ್ಕನ್ನು ತೆಗೆದುಹಾಕಿ, ನಿಯೋಜಕರು ತಪ್ಪಿನ ವಿಚಾರಣೆಯಿಲ್ಲದೆ ನೀಡತಕ್ಕ ಪರಿಹಾರವನ್ನು ಹೆಚ್ಚಿಸಿತು. ಮಾಲೀಕರ ವಿರುದ್ಧ ನಿರ್ಲಕ್ಷ್ಯದ ದಾವೆ ಮಾತ್ರ ಉಳಿಯಿತು. ನಿರ್ಲಕ್ಷ್ಯವೆಂದರೆ ಯಾವುದು ಎಂಬುದನ್ನು ಅಧಿನಿಯಮವು ವಿವರಿಸಿರಲಿಲ್ಲ. ಸಿಂಧಿಯಾ ಪ್ರಕರಣದ ಮಹತ್ವ ಇರುವುದು ಇಲ್ಲಿಯೇ.

ನ್ಯಾಯಾಲಯದ ಪ್ರಕಾರ, ಹಡಗನ್ನೂ ಅದರ ಉಪಕರಣಗಳನ್ನೂ ಅನುಭವಿ ಗುತ್ತಿಗೆದಾರರು ಸುರಕ್ಷಿತವಾಗಿ ಕೆಲಸ ಮಾಡಬಹುದಾದ ಸ್ಥಿತಿಯಲ್ಲಿ ಒಪ್ಪಿಸುವುದು ಮತ್ತು ಕಣ್ಣಿಗೆ ಬೀಳದ ಅಪಾಯಗಳನ್ನು ತಿಳಿಸುವುದು ಮಾಲೀಕರ ಕರ್ತವ್ಯ. ಕೆಲಸ ಆರಂಭವಾದ ನಂತರ ಅದನ್ನು ಪ್ರತಿಕ್ಷಣ ನೋಡಿಕೊಳ್ಳುವ ಸಾಮಾನ್ಯ ಹೊಣೆ ಅವರಿಗಿಲ್ಲ. ಆದರೆ ಹಡಗಿನ ಉಪಕರಣ ಕೆಟ್ಟಿರುವುದು ಮಾಲೀಕರಿಗೆ ಗೊತ್ತಿದ್ದು, ಗುತ್ತಿಗೆದಾರರು ಅದನ್ನೇ ಬಳಸುತ್ತಿರುವುದು ಸ್ಪಷ್ಟವಾಗಿ ಅವಿವೇಕವೆನಿಸಿದಲ್ಲಿ, ಮಾಲೀಕರು ಮಧ್ಯ ಪ್ರವೇಶಿಸತಕ್ಕದ್ದು. ಆದ್ದರಿಂದ ‘ಎರಡು ದಿನಗಳು’ ಎಂಬ ಸಂಗತಿಯೇ ನಿರ್ಣಾಯಕವಾಯಿತು: ಅಷ್ಟು ಹೊತ್ತು ಕೆಟ್ಟಿದ್ದ ಯಂತ್ರದ ವಿಷಯ ಹಡಗಿನವರಿಗೆ ತಿಳಿದಿತ್ತೇ? ಕೆಳ ನ್ಯಾಯಾಲಯವು ವಿಚಾರಣೆಯಿಲ್ಲದೆ ಕಂಪನಿಯ ಪರ ನೀಡಿದ್ದ ಆದೇಶವು ಮೇಲ್ಮನವಿಯಲ್ಲಿ ರದ್ದಾಗಿತ್ತು. ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದು, ಪ್ರಕರಣವನ್ನು ಮುಂದಿನ ವಿಚಾರಣೆಗೆ ಹಿಂದಿರುಗಿಸಿತು.

ಈ ಕರ್ತವ್ಯಗಳನ್ನು ಅದೇ ನ್ಯಾಯಾಲಯವು 1994ರ ಮತ್ತೊಂದು ತೀರ್ಪಿನಲ್ಲಿ ಮೂರಾಗಿ ವಿಂಗಡಿಸಿತು: ಹಡಗನ್ನು ಸುಸ್ಥಿತಿಯಲ್ಲಿ ಒಪ್ಪಿಸುವುದು, ತನ್ನ ನಿಯಂತ್ರಣದಲ್ಲಿರುವ ಭಾಗದಲ್ಲಿ ಎಚ್ಚರ ವಹಿಸುವುದು, ಅಗತ್ಯವಿದ್ದಲ್ಲಿ ಮಧ್ಯ ಪ್ರವೇಶಿಸುವುದು.

ಸದರಿ ತೀರ್ಪು ಭಾರತದ ನ್ಯಾಯಾಲಯಗಳನ್ನು ಬಂಧಿಸುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ವಿದೇಶಿ ಹಡಗಿನ ಕೆಲಸದಲ್ಲಿ ಗಾಯಗೊಂಡವರೂ ನಿಯೋಜಕರಿಂದ ಬರತಕ್ಕ ಪರಿಹಾರಕ್ಕಾಗಿ ಭಾರತದ ಕಾನೂನಿನಡಿಯಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು.