ಮೂವರು ರೈಸ್‌ಗಳು ಮತ್ತು ಗೋಪಿನಾಥಂ

ಶಾಸನದ ಬರಹಗಳ ಅಡಿಟಿಪ್ಪಣಿಯಲ್ಲಿ ಬರೀ ‘ರೈಸ್’ ಅಂತ ಕಂಡರೆ, ಯಾವ ರೈಸ್ ಅಂತ ಮೊದಲು ಕೇಳಿಕೊಳ್ಳಬೇಕು. ಈ ಅಡ್ಡಹೆಸರಿಗೂ ಅನ್ನಕ್ಕೂ ಸಂಬಂಧವಿಲ್ಲ. ವೇಲ್ಸ್ ದೇಶದ ‘ರೀಸ್’ ಎಂಬ ಹೆಸರಿನ ಇಂಗ್ಲಿಷ್ ರೂಪ ಅದು.

ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಬೆಂಗಳೂರಿನ ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚ್ ಇವರ ಹೆಸರಿನದು, ಶಾಸನದ ರೈಸರದ್ದಲ್ಲ. ಮಗ ಬೆಂಜಮಿನ್ ಲೂಯಿಸ್ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳನ್ನು ಹೊರತಂದವರು. ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್ ಕನ್ನಡ ಸಾಹಿತ್ಯದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆದರು. ಹೆಸರಿನ ಮೊದಲಕ್ಷರ ಬಿಟ್ಟರೆ ಅಣ್ಣನ ಮಾತು ತಮ್ಮನ ಖಾತೆಗೆ ಹೋಗಿಬಿಡುತ್ತೆ.

ಇನ್ನು ಗೋಪಿನಾಥಂ ವಿಷಯ. ಲೂಯಿಸ್ ರೈಸರ 4ನೇ ಸಂಪುಟ 1898ರಲ್ಲಿ ಬಂತು. ಅದರಲ್ಲಿ ಚಾಮರಾಜನಗರ ಇದೆ, ಯಳಂದೂರು ಇದೆ. ಪಕ್ಕದ ಕೊಳ್ಳೇಗಾಲ ತಾಲ್ಲೂಕು ಮಾತ್ರ ಇಲ್ಲ. ಹಾಗಾದರೆ ಅಲ್ಲಿ ಶಾಸನಗಳೇ ಇರಲಿಲ್ಲವೇ? ಹಾಗಲ್ಲ. ರೈಸ್ ಮೈಸೂರು ಸಂಸ್ಥಾನದ ನೌಕರರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ, ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರಾದರೋ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ, ಮೈಸೂರಿನೊಳಗಿನ ಸೀಮೆ. ಹಾಗಾಗಿ ರೈಸರ ಸರ್ವೆ ಯಳಂದೂರಿನ ಗಡಿಯಲ್ಲಿ ನಿಂತಿತು. ಕಲ್ಲು ಮುಗಿಯಿತು ಅಂತಲ್ಲ, ಸಂಸ್ಥಾನ ಮುಗಿಯಿತು ಅಂತ.

1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ತಂದ ಪರಿಷ್ಕೃತ 4ನೇ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳಿಗೂ ಜಾಗ ಸಿಕ್ಕಿತು. ಆದ್ದರಿಂದ ‘ಎ.ಕ. 4’ ಅಂತ ಬರೆಯುವಾಗ ಹಳೆಯದೋ ಪರಿಷ್ಕೃತವೋ ಹೇಳಲೇಬೇಕು. ಹನೂರು ಸೀಮೆಯ ಮೇಲೆ ಕೆಲಸ ಮಾಡುವವರು ಮದ್ರಾಸು ಶಾಸನ ಕಚೇರಿಯ ಹಳೆಯ ವಾರ್ಷಿಕ ವರದಿಗಳನ್ನೂ ತೆಗೆದು ನೋಡಬೇಕು.

ಗೋಪಿನಾಥಂ ಅಂದರೆ ಜನಕ್ಕೆ ಮೊದಲು ನೆನಪಾಗೋದು ವೀರಪ್ಪನ್ ಹೆಸರು. ಅದಕ್ಕಿಂತ ಹಿಂದಿನದೇನೂ ಅಲ್ಲಿಲ್ಲ ಅನ್ನೋ ಭಾವನೆ ಬೆಳೆದುಬಿಟ್ಟಿದೆ. ಹಳೆಯ ಸಂಪುಟದಲ್ಲಿ ಆ ತಾಲ್ಲೂಕಿನ ಪುಟ ಇಲ್ಲದ್ದನ್ನು ಅದಕ್ಕೆ ಸಾಕ್ಷಿಯಾಗಿ ತರುವಂತಿಲ್ಲ. ಅದು ಗಡಿಯ ಚರಿತ್ರೆ ಹೇಳುತ್ತದೆ, ಊರಿನ ಚರಿತ್ರೆ ಅಲ್ಲ. ಕಾವೇರಿ ದಂಡೆಯ ಆ ಹಳ್ಳಿಗಳಲ್ಲಿ ಗುಡಿ, ಕೆರೆ, ಹೊಲದ ಬದು ನೋಡುತ್ತಾ ನಡೆಯುವವರು ಕನ್ನಡದ ಜೊತೆಗೆ ತಮಿಳು ಲಿಪಿಯನ್ನೂ ಓದಲು ಕಲಿತು ಹೋದರೆ ಒಳ್ಳೆಯದು.