ಜೈತೂನಿನ ಹಿಂಡಿ ಮತ್ತು ನಾಬ್ಲುಸ್‌ನ ಒಲೆ

ಜೈತೂನ್ ಎಂದೊಡನೆ ನಮಗೆ ನೆನಪಾಗುವುದು ಎಣ್ಣೆ. ಕುರ್‌ಆನಿನಲ್ಲಿ ಈ ಮರದ ಪ್ರಸ್ತಾಪ ಇರುವುದರಿಂದ ಮುಸ್ಲಿಮರ ಮನೆಗಳಲ್ಲಿ ಆ ಎಣ್ಣೆಗೆ ಮೊದಲಿನಿಂದಲೂ ಒಂದು ಗೌರವವಿದೆ. ಈಚಿನ ದಶಕಗಳಲ್ಲಿ ವೈದ್ಯರ ಸಲಹೆಯೂ ಕಂಪೆನಿಗಳ ಜಾಹೀರಾತೂ ಸೇರಿ ಆಲಿವ್ ಎಣ್ಣೆಯನ್ನು ಎಲ್ಲ ಸಮುದಾಯಗಳ ಅಡುಗೆಮನೆಗೂ ತಂದಿವೆ. ಆದರೆ ಎಣ್ಣೆ ತೆಗೆದ ಮೇಲೆ ಉಳಿಯುವುದೇನು, ಅದು ಎಲ್ಲಿಗೆ ಹೋಗುತ್ತದೆ ಎಂದು ನಾವು ಕೇಳುವುದು ಅಪರೂಪ. ಇತಿಹಾಸಕಾರರೂ ಹೆಚ್ಚಾಗಿ ಕೇಳಿಲ್ಲ. ವ್ಯಾಪಾರಿಗಳ ಲೆಕ್ಕಪುಸ್ತಕದಲ್ಲಿ ಎಣ್ಣೆ ಇರುತ್ತದೆ, ಹಿಂಡಿ ಇರುವುದಿಲ್ಲ. ಹಾಗಾಗಿ ಹಿಂಡಿಯನ್ನು ಒಲೆಗೆ ಹಾಕಿ ಬದುಕಿದವರೂ ಇತಿಹಾಸದಿಂದ ಜಾರಿಹೋಗುತ್ತಾರೆ.

ನೂರು ಕಿಲೋ ಆಲಿವ್ ಕಾಯಿ ಅರೆದರೆ ಸಾಮಾನ್ಯವಾಗಿ 15ರಿಂದ 25 ಕಿಲೋ ಎಣ್ಣೆ ಸಿಗುತ್ತದೆ. ಉಳಿಯುವ ದೊಡ್ಡ ಪಾಲು ಎರಡು ರೂಪದಲ್ಲಿರುತ್ತದೆ. ಒಂದು, ಸಿಪ್ಪೆ, ತಿರುಳು ಮತ್ತು ಒಡೆದ ಗೊರಟು ಬೆರೆತ ಹಿಂಡಿ. ಇನ್ನೊಂದು, ಕಾಯಿಯೊಳಗಿನ ಕಹಿಯಾದ ಕಪ್ಪು ನೀರು. ಫೆಲೆಸ್ತೀನಿನ ಜನ ಹಿಂಡಿಗೆ 'ಜಿಫ್ತ್' ಎನ್ನುತ್ತಾರೆ, ನೀರಿಗೆ 'ಜೀಬಾರ್' ಎನ್ನುತ್ತಾರೆ. ಗಾಣದಿಂದ ಬಂದ ಶೇಂಗಾ ಹಿಂಡಿ ದನಕ್ಕೂ ಬೇವು, ಹೊಂಗೆಯ ಹಿಂಡಿ ಹೊಲಕ್ಕೂ ಹೋಗುವುದನ್ನು ಕಂಡಿರುವ ನಮಗೆ ಇದು ತೀರಾ ಹೊಸ ವಿಷಯವಲ್ಲ. ವ್ಯತ್ಯಾಸ ಇಷ್ಟೆ: ಜಿಫ್ತಿನಲ್ಲಿ ಗಟ್ಟಿ ಗೊರಟಿನ ಚೂರು ಹೆಚ್ಚು. ಆದ್ದರಿಂದ ಅದು ಮೇವಿಗಿಂತ ಉರುವಲಾಗಿಯೇ ಹೆಚ್ಚು ಬಳಕೆಯಾಯಿತು.

ರೋಮನ್ನರು ಕಂಡ ಎರಡು ಮುಖ

ಈ ಕಪ್ಪು ನೀರಿನ ಬಗ್ಗೆ ಬರೆದವರಲ್ಲಿ ರೋಮಿನ ಕೇಟೋ ತುಂಬಾ ಹಳಬ. ಕ್ರಿಸ್ತಪೂರ್ವ 160ರ ಸುಮಾರಿಗೆ ಕೃಷಿಯ ಬಗ್ಗೆ ಆತ ಬರೆದ ಪುಸ್ತಕದಲ್ಲಿ ಈ ನೀರು ಮನೆಮದ್ದಿನಂತೆ ಮತ್ತೆ ಮತ್ತೆ ಬರುತ್ತದೆ. ಕಣದ ನೆಲಕ್ಕೆ ಇದನ್ನು ಸುರಿದು ಗಟ್ಟಿಮಾಡಿದರೆ ಇರುವೆ ಮತ್ತು ಹುಲ್ಲಿನ ಕಾಟ ಇರುವುದಿಲ್ಲ. ಕಣಜದ ಗೋಡೆಗೆ ಇದರಲ್ಲಿ ಕಲಸಿದ ಮಣ್ಣು ಬಳಿದರೆ ಧಾನ್ಯಕ್ಕೆ ಹುಳ ಬೀಳುವುದಿಲ್ಲ. ಬಟ್ಟೆಯ ಪೆಟ್ಟಿಗೆಗೆ ಹಚ್ಚಿದರೆ ನುಸಿ ಬಾರದು. ಕುರಿಯ ಕಜ್ಜಿಗೂ ಚಕ್ಕಳಕ್ಕೂ ಇದು ಒಳ್ಳೆಯದು. ಹೀಗೆ ಆತನ ಪಟ್ಟಿ ಸಾಗುತ್ತದೆ. ಇವೆಲ್ಲ ಬರೀ ನಂಬಿಕೆಯಲ್ಲ. ಕಾಯಿಯಲ್ಲಿರುವ ಫಿನಾಲ್ ಎಂಬ ರಾಸಾಯನಿಕಗಳ ಬಹುಪಾಲು ನೀರಿಗೂ ಹಿಂಡಿಗೂ ಹೋಗುತ್ತದೆ, ಎಣ್ಣೆಗೆ ಬರುವುದು ಶೇಕಡಾ ಎರಡರ ಆಸುಪಾಸು ಎಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಕ್ರಿಮಿಯನ್ನೂ ಕಳೆಯನ್ನೂ ತಡೆಯುವುದು ಇವೇ.

ಕೇಟೋನ ನಂತರ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆದು, ಕ್ರಿಸ್ತಪೂರ್ವ 37ರಲ್ಲಿ ವಾರೋ ಎಂಬ ಇನ್ನೊಬ್ಬ ರೋಮನ್ ವಿದ್ವಾಂಸ ಕೃಷಿಯ ಪುಸ್ತಕ ಬರೆದ. ಗಾಣದಿಂದ ಹರಿದ ಈ ನೀರು ಹೊಲದ ಮೇಲೆ ಹೆಚ್ಚಾಗಿ ನಿಂತರೆ ಮಣ್ಣು ಕಪ್ಪಾಗಿ ಬಂಜರಾಗುತ್ತದೆ ಎಂದು ಆತ ಎಚ್ಚರಿಸಿದ್ದಾನೆ. ಅಂದರೆ ಹಿತಮಿತವಾಗಿದ್ದರೆ ಮದ್ದು, ಮಿತಿಮೀರಿದರೆ ವಿಷ ಎಂಬ ತಿಳುವಳಿಕೆ ಎರಡು ಸಾವಿರ ವರ್ಷಗಳ ಹಿಂದೆಯೇ ರೈತರಲ್ಲಿತ್ತು.

ಹಿಂಡಿಯ ಕಥೆಯೂ ಅಷ್ಟೇ ಹಳೆಯದು. ಟುನೀಶಿಯಾದ ಕರಾವಳಿಯಲ್ಲಿರುವ ಲೆಪ್ಟಿಮಿನಸ್ ಎಂಬ ಪ್ರಾಚೀನ ಪಟ್ಟಣದಲ್ಲಿ ಮಡಕೆ ಸುಡುವ ಆವಿಗೆಗಳನ್ನು ಅಗೆದಾಗ ಸುಟ್ಟ ಆಲಿವ್ ಗೊರಟುಗಳು ಸಿಕ್ಕಿವೆ. ಎಣ್ಣೆ ತುಂಬುವ ಮಣ್ಣಿನ ಪಾತ್ರೆಯನ್ನು ಸುಡಲು ಎಣ್ಣೆ ತೆಗೆದ ಹಿಂಡಿಯೇ ಉರುವಲಾಗಿತ್ತು. ಕಾಡು ವಿರಳವಾದ ಆ ಸೀಮೆಯಲ್ಲಿ ಇದು ಎಷ್ಟು ಮಹತ್ವದ ಉಳಿತಾಯ ಎಂಬುದನ್ನು ವಿವರಿಸಬೇಕಿಲ್ಲ.

ಒಂದು ಊರು, ಒಂದು ಸರಪಳಿ

ಈ ಜಾಣ್ಮೆ ಒಂದು ಊರಿನ ಇಡೀ ಬದುಕಾಗಿ ಬೆಳೆದುದನ್ನು ನೋಡಬೇಕಾದರೆ ನಾವು ಫೆಲೆಸ್ತೀನಿನ ನಾಬ್ಲುಸ್‌ಗೆ ಹೋಗಬೇಕು. ಎರಡು ಬೆಟ್ಟಗಳ ನಡುವಿನ ಈ ಪಟ್ಟಣದಲ್ಲಿ ಜೈತೂನ್ ಮರಗಳು ಹೇರಳವೆಂದೂ ಜನ ಇದನ್ನು ಚಿಕ್ಕ ದಮಾಸ್ಕಸ್ ಎನ್ನುವರೆಂದೂ ಹತ್ತನೇ ಶತಮಾನದ ಭೂಗೋಳಶಾಸ್ತ್ರಜ್ಞ ಅಲ್ ಮುಖದ್ದಸಿ ದಾಖಲಿಸಿದ್ದಾನೆ. ಆತ ಹತ್ತಿರದ ಜೆರುಸಲೇಮಿನವನೇ.

ನಾಬ್ಲುಸ್‌ನ ಕೀರ್ತಿ ಅದರ ಸಾಬೂನಿನದು. ನಾವು ಕನ್ನಡದಲ್ಲಿ ಹೇಳುವ ಸಾಬೂನು ಮತ್ತು ಅರಬರ 'ಸಾಬೂನ್' ಒಂದೇ ಬಳಗದ ಪದಗಳು ಎಂಬುದನ್ನು ಇಲ್ಲಿ ನೆನೆಯಬಹುದು. ಸಾಬೂನಿಗೆ ಬೇಕಾದುದು ಮೂರು: ಎಣ್ಣೆ, ಕ್ಷಾರ, ಬೆಂಕಿ. ಎಣ್ಣೆ ಸುತ್ತಲಿನ ಹಳ್ಳಿಗಳಿಂದ ಬರುತ್ತಿತ್ತು. ಕ್ಷಾರಕ್ಕೆ ಜೋರ್ಡಾನ್ ನದಿಯ ಆಚೆ ಬೆಳೆಯುವ ಉಪ್ಪುಗಿಡಗಳನ್ನು ಬದೂವಿಗಳು ಸುಟ್ಟು, ಬೂದಿಯನ್ನು ಒಂಟೆಗಳ ಮೇಲೆ ಹೇರಿ ತರುತ್ತಿದ್ದರು. ಅದಕ್ಕೆ ಸುಣ್ಣ ಬೆರೆಸುತ್ತಿದ್ದರು. ಬೆಂಕಿಗೆ ಜಿಫ್ತ್. ಕಾರ್ಖಾನೆ ಎಂದರೆ ದಪ್ಪ ಕಲ್ಲುಗೋಡೆಯ ಎರಡಂತಸ್ತಿನ ಕಟ್ಟಡ. ನೆಲದಡಿಯಲ್ಲಿ ಎಣ್ಣೆಯ ಬಾವಿ, ಕೆಳಗೆ ತಾಮ್ರದ ದೊಡ್ಡ ಕೊಪ್ಪರಿಗೆ, ಅದರಡಿಯಲ್ಲಿ ಹಿಂಡಿಯ ಬೆಂಕಿ. ದಿನಗಟ್ಟಲೆ ಬೇಯಿಸಿದ ಪಾಕವನ್ನು ಮಹಡಿಗೆ ಹೊತ್ತೊಯ್ದು ನೆಲದ ಮೇಲೆ ಹರಡಿ, ಗಟ್ಟಿಯಾದ ಮೇಲೆ ಕತ್ತರಿಸಿ, ಮುದ್ರೆಯೊತ್ತಿ, ಗೋಪುರದಂತೆ ಜೋಡಿಸಿ ಒಣಗಿಸುತ್ತಿದ್ದರು. ಆ ಸಾಬೂನು ಈಜಿಪ್ಟ್, ದಮಾಸ್ಕಸ್, ಹಿಜಾಝ್‌ವರೆಗೆ ಹೋಗುತ್ತಿತ್ತು. 20ನೇ ಶತಮಾನದ ಆರಂಭದ ಹೊತ್ತಿಗೆ ಊರಿನಲ್ಲಿ ಸುಮಾರು ಮೂವತ್ತು ಕಾರ್ಖಾನೆಗಳಿದ್ದವು.

ಹಿಂಡಿಯೆಲ್ಲ ಪಟ್ಟಣಕ್ಕೆ ಹೋಗುತ್ತಿರಲಿಲ್ಲ. ಹಳ್ಳಿಯ ಹೆಂಗಸರು ಅದನ್ನು ಉಂಡೆ ಕಟ್ಟಿ ಬಿಸಿಲಲ್ಲಿ ಒಣಗಿಸುತ್ತಿದ್ದರು. ರೊಟ್ಟಿ ಸುಡುವ 'ತಾಬೂನ್' ಒಲೆಗೆ ಅದರ ಕೆಂಡವನ್ನು ಮುಚ್ಚುತ್ತಿದ್ದರು. ನಿಧಾನವಾಗಿ ಉರಿದು ಬಹಳ ಹೊತ್ತು ಕಾವು ಉಳಿಸುವುದು ಅದರ ಗುಣ. ಬೆಟ್ಟದ ಸೀಮೆಯ ಚಳಿಗಾಲದಲ್ಲಿ ಅಗ್ಗಿಷ್ಟಿಕೆಗೂ ಅದೇ ಆಧಾರ. ಹೀಗೆ ಒಂದೇ ಕಾಯಿಯ ಎಣ್ಣೆ ಅರಮನೆಗೆ ಹೋದರೆ ಅದರ ಹಿಂಡಿ ಬಡವರ ರೊಟ್ಟಿಯನ್ನು ಬೇಯಿಸುತ್ತಿತ್ತು.

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಹಾಡಬೇಕಿಲ್ಲ. ನಾಬ್ಲುಸ್ ಸೀಮೆಯ ವ್ಯಾಪಾರಿಗಳು ಮತ್ತು ರೈತರ ಬಗ್ಗೆ 1995ರಲ್ಲಿ ಗ್ರಂಥ ಪ್ರಕಟಿಸಿದ ಇತಿಹಾಸಕಾರ ಬಿಶಾರಾ ದೂಮಾನಿಯವರು ಸಾಬೂನಿನ ಹಿಂದಿನ ಸಾಲದ ಜಾಲವನ್ನು ಬಿಡಿಸಿ ತೋರಿಸಿದ್ದಾರೆ. ಮುಂದಿನ ಫಸಲಿನ ಎಣ್ಣೆಯನ್ನು ಕೊಡುವ ಕರಾರಿನ ಮೇಲೆ ವ್ಯಾಪಾರಿ ಮುಂಗಡ ಹಣ ಕೊಡುತ್ತಿದ್ದ. ಜೈತೂನ್ ಒಂದು ವರ್ಷ ತುಂಬಾ ಬಿಟ್ಟರೆ ಮರುವರ್ಷ ಕಡಿಮೆ ಬಿಡುವ ಮರ. ಬೆಳೆ ಕೈಕೊಟ್ಟ ವರ್ಷ ರೈತ ಸಾಲಗಾರನಾಗಿಯೇ ಉಳಿಯುತ್ತಿದ್ದ. ಎಣ್ಣೆ ಹೀಗೆ ಕೈತಪ್ಪಿದ ಮನೆಗೆ ಒಲೆಯ ಹಿಂಡಿ ಎಷ್ಟು ದೊಡ್ಡ ಆಸರೆಯಾಗಿದ್ದೀತು ಎಂಬುದನ್ನು ನಾವು ಊಹಿಸಬಹುದು.

ಸರಪಳಿ ಕಡಿದದ್ದು

19ನೇ ಶತಮಾನದ ಮಧ್ಯದಲ್ಲಿ ಯುರೋಪಿನ ಉದ್ಯಮಿಗಳ ಕಣ್ಣು ಹಿಂಡಿಯ ಮೇಲೆ ಬಿತ್ತು. ಗಾಣದ ಹಿಂಡಿಯಲ್ಲಿ ಇನ್ನೂ ಸ್ವಲ್ಪ ಎಣ್ಣೆ ಉಳಿದಿರುತ್ತದೆ. ಕಾರ್ಬನ್ ಡೈಸಲ್ಫೈಡ್ ಎಂಬ, ಸುಲಭವಾಗಿ ಹೊತ್ತಿಕೊಳ್ಳುವ ವಿಷಕಾರಿ ದ್ರವದಿಂದ ಅದನ್ನು ತೊಳೆದು ತೆಗೆಯುವ ವಿಧಾನ ಫ್ರಾನ್ಸಿನಲ್ಲಿ ಬಂತು. ಮುಂದೆ ಹೆಕ್ಸೇನ್ ಅದರ ಜಾಗಕ್ಕೆ ಬಂದಿತು. ಹೀಗೆ ಸಿಕ್ಕ ಹಸಿರು ಎಣ್ಣೆಯಿಂದ ಸಾಬೂನು ತಯಾರಾಯಿತು. ಗ್ರೀಸಿನಲ್ಲಿ ಹಿಂಡಿಯ ಎಣ್ಣೆಯ ಹಸಿರು ಸಾಬೂನು ಇಂದಿಗೂ ಪ್ರಸಿದ್ಧ. ಇದೇ ಎಣ್ಣೆಯನ್ನು ಶುದ್ಧೀಕರಿಸಿ, ಸ್ವಲ್ಪ ಒಳ್ಳೆಯ ಎಣ್ಣೆ ಬೆರೆಸಿ ಅಡುಗೆಗೂ ಮಾರುತ್ತಾರೆ. ನಮ್ಮ ಪೇಟೆಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಆಲಿವ್ ಎಣ್ಣೆಯ ಡಬ್ಬಿಯ ಮೇಲೆ 'ಪೋಮೇಸ್' ಎಂದು ಬರೆದಿದ್ದರೆ ಅದರ ಅರ್ಥ ಇದೇ: ಅದು ಹಿಂಡಿಯಿಂದ ತೆಗೆದ ಎಣ್ಣೆ. 2001ರಲ್ಲಿ ಸ್ಪೇನಿನ ಇಂಥ ಎಣ್ಣೆಯಲ್ಲಿ ಬೆಂಜೋಪೈರೀನ್ ಎಂಬ ಕ್ಯಾನ್ಸರ್‌ಕಾರಕ ಅಂಶ ಕಂಡುಬಂದು ಮಾರಾಟವನ್ನೇ ತಡೆಯಬೇಕಾಯಿತು. ಹಸಿ ಹಿಂಡಿಯನ್ನು ಅತಿ ಬಿಸಿಯಲ್ಲಿ ಒಣಗಿಸುವುದು ಅದಕ್ಕೆ ಕಾರಣವಾಗಿತ್ತು. ಉಳಿಕೆಯನ್ನು ಉಪಯೋಗಿಸುವುದೆಲ್ಲ ತಾನಾಗಿಯೇ ಪುಣ್ಯದ ಕೆಲಸವಾಗುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

1970ರ ದಶಕದಿಂದ ಕಲ್ಲು, ಚಾಪೆಗಳ ಹಳೆಯ ಗಾಣದ ಜಾಗದಲ್ಲಿ ವೇಗವಾಗಿ ತಿರುಗಿ ಎಣ್ಣೆ ಬೇರ್ಪಡಿಸುವ ಯಂತ್ರಗಳು ಬಂದವು. ಇವು ಹೊರಗಿನಿಂದ ಬಿಸಿನೀರು ಬೇಡುತ್ತವೆ. ಹೀಗಾಗಿ ಕಪ್ಪು ನೀರಿನ ಪ್ರಮಾಣ ಬಹಳ ಹೆಚ್ಚಿತು. ಹಳ್ಳಿಗೊಂದರಂತೆ ಇದ್ದ ಗಾಣಗಳ ನೀರು ಹೊಲಹೊಲಗಳಿಗೆ ಹಂಚಿಹೋಗುತ್ತಿತ್ತು. ದೊಡ್ಡ ಗಿರಣಿಯದ್ದು ಕೆಲವೇ ವಾರಗಳಲ್ಲಿ ಒಂದೇ ಹಳ್ಳಕ್ಕೆ ಹರಿಯಿತು. ಅದರ ಮಾಲಿನ್ಯದ ಹೊರೆ ನಗರದ ಚರಂಡಿ ನೀರಿನದಕ್ಕಿಂತ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು. ಸ್ಪೇನ್ 1980ರ ದಶಕದ ಆರಂಭದಲ್ಲಿ ಅದನ್ನು ನದಿಗೆ ಬಿಡುವುದನ್ನು ನಿಷೇಧಿಸಿತು. 1990ರ ದಶಕದಲ್ಲಿ ನೀರು ಬೇಡದ ಯಂತ್ರವನ್ನು ಅಲ್ಲಿ ತಂದರು. ನೀರೇನೋ ಕಡಿಮೆಯಾಯಿತು, ಆದರೆ ಹಿಂಡಿ ಕೆಸರಿನಂತಾಗಿ ಒಣಗಿಸುವುದೇ ದುಬಾರಿಯಾಯಿತು. ಇಟಲಿ 1996ರ ಕಾನೂನಿನಲ್ಲಿ ಬೇರೆ ದಾರಿ ಹಿಡಿಯಿತು: ವರ್ಷಕ್ಕೆ ಒಂದು ಹೆಕ್ಟೇರಿಗೆ ಹಳೆಯ ಗಾಣದ ನೀರಾದರೆ 50 ಘನ ಮೀಟರ್, ಹೊಸ ಯಂತ್ರದ್ದಾದರೆ 80 ಘನ ಮೀಟರ್ ಮೀರದಂತೆ ಹೊಲಕ್ಕೆ ಹರಡಬಹುದು. ವಾರೋ ಹೇಳಿದ ಮಾತನ್ನೇ ಕಾನೂನು ಅಂಕಿಯಲ್ಲಿ ಬರೆಯಿತು.

ನಾಬ್ಲುಸ್‌ನಲ್ಲಿ ಸರಪಳಿ ಬೇರೆ ಬಗೆಯಲ್ಲೂ ಕಡಿಯಿತು. ಬದೂವಿಗಳ ಬೂದಿಯ ಬದಲು ಕಾಸ್ಟಿಕ್ ಸೋಡಾ ಬಂತು, ಜಿಫ್ತಿನ ಬದಲು ಡೀಸೆಲ್ ಬಂತು. ಎಷ್ಟೋ ಕಾರ್ಖಾನೆಗಳಲ್ಲಿ ಆಮದು ಎಣ್ಣೆಯೇ ಗತಿಯಾಯಿತು. 1927ರ ಭೂಕಂಪ ಹಳೆಯ ಕಟ್ಟಡಗಳನ್ನು ಅಲುಗಿಸಿತ್ತು. 2002ರ ಏಪ್ರಿಲ್‌ನಲ್ಲಿ ಇಸ್ರೇಲಿ ಸೇನೆ ಹಳೆಯ ಪೇಟೆಗೆ ನುಗ್ಗಿದಾಗ ಹಳೆಯ ಸಾಬೂನು ಕಾರ್ಖಾನೆಗಳೂ ನೆಲಕ್ಕುರುಳಿದವು. ಅದೇ ವರ್ಷ ಕಟ್ಟತೊಡಗಿದ ಗೋಡೆ ಅನೇಕ ಹಳ್ಳಿಗಳನ್ನು ಅವರದೇ ತೋಟಗಳಿಂದ ಬೇರ್ಪಡಿಸಿತು. 2023ರ ಅಕ್ಟೋಬರ್ ನಂತರ ಪಶ್ಚಿಮ ದಂಡೆಯ ಬಹಳಷ್ಟು ರೈತರಿಗೆ ಕೊಯ್ಲಿಗೆ ಹೋಗಲೂ ಆಗಲಿಲ್ಲ. ಕಾಯಿ ಗಿರಣಿಗೆ ಬಾರದಿದ್ದರೆ ಎಣ್ಣೆಯಷ್ಟೇ ಅಲ್ಲ, ಒಲೆಯ ಹಿಂಡಿಯೂ ಇಲ್ಲವಾಗುತ್ತದೆ.

ಯಾರ ಕೈಗೆ?

ಇಂದು ಜಗತ್ತಿನ ಪ್ರಯೋಗಾಲಯಗಳು ಮತ್ತೆ ಈ ಉಳಿಕೆಯತ್ತ ತಿರುಗಿವೆ. ಸ್ಪೇನಿನಲ್ಲಿ ಒಣ ಗೊರಟು ಮನೆಗಳ ಬಾಯ್ಲರಿಗೆ ಉರುವಲು, ಹಿಂಡಿ ವಿದ್ಯುತ್ ಸ್ಥಾವರಕ್ಕೆ ಇಂಧನ. ಎಲೆ, ಗೊಬ್ಬರದೊಡನೆ ಕೊಳೆಸಿದ ಹಿಂಡಿ ಮರಳಿ ತೋಟಕ್ಕೆ ಹೋಗುತ್ತದೆ. ಕಪ್ಪು ನೀರಿನ ಹೈಡ್ರಾಕ್ಸಿಟೈರೋಸಾಲ್ ಎಂಬ ಫಿನಾಲನ್ನು ಬೇರ್ಪಡಿಸಿ ಬಳಸುವ ಕೆಲಸವೂ ನಡೆದಿದೆ. ಕೇಟೋನ ಕಣಜ ಕಾಯುತ್ತಿದ್ದ ನೀರು ಈಗ ಮಾತ್ರೆಯಾಗಿ ಶೀಶೆಯಲ್ಲಿ ಬರುತ್ತಿದೆ. ಇದೆಲ್ಲ ಸ್ವಾಗತಾರ್ಹ. ಹಳ್ಳಕ್ಕೆ ಹರಿಯುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹಿಂಡಿಗೆ ಬೆಲೆಯಿಲ್ಲದಿದ್ದಾಗ ಅದು ರೈತರ ಮನೆಗೆ ಪುಕ್ಕಟೆಯಾಗಿ ಬರುತ್ತಿತ್ತು. ಬೆಲೆ ಬಂದ ದಿನ ಅದು ಯಾರ ಸ್ವತ್ತು? ಮರ ಬೆಳೆಸಿದವನದೋ, ಗಿರಣಿಯ ಯಜಮಾನನದೋ, ದೂರದ ಔಷಧಿ ಕಂಪೆನಿಯದೋ? ಹಳೆಯ ಮುಂಗಡದ ಕರಾರು ರೈತನಿಂದ ಎಣ್ಣೆಯನ್ನು ಕಸಿದುಕೊಂಡಿತ್ತು. ಹೊಸ ತಂತ್ರಜ್ಞಾನ ಹಿಂಡಿಯನ್ನೂ ಕಸಿದುಕೊಂಡರೆ ಅದನ್ನು ಪ್ರಗತಿ ಎನ್ನಲಾದೀತೇ?

2024ರ ಡಿಸೆಂಬರಿನಲ್ಲಿ ಯುನೆಸ್ಕೋ ನಾಬ್ಲುಸ್‌ನ ಸಾಬೂನು ತಯಾರಿಕೆಯನ್ನು ಮನುಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಹೊತ್ತಿಗೆ ತಕ್ಕ ಗೌರವ ಅದು. ಊರಿನಲ್ಲಿ ಈಗ ಕೊಪ್ಪರಿಗೆ ಉರಿಯುತ್ತಿರುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಮರ, ಗಾಣ, ಒಲೆ, ಕಾರ್ಖಾನೆ ಇವೆಲ್ಲ ಒಂದರ ಕೈ ಒಂದು ಹಿಡಿದಿದ್ದಾಗ ಅಲ್ಲಿ ಕಸವೆಂಬುದು ಬಹಳ ಕಡಿಮೆಯಿತ್ತು. ಪಟ್ಟಿಯಲ್ಲಿ ಸೇರಿದ ಪರಂಪರೆ ನಾಳೆಯೂ ಬದುಕಿರಬೇಕಾದರೆ ನಾಬ್ಲುಸ್‌ನ ಸುತ್ತಲಿನ ಹಳ್ಳಿಯವರು ತಮ್ಮ ತೋಟಕ್ಕೆ ನಿರ್ಭಯವಾಗಿ ಹೋಗಿ, ಕಾಯಿ ಕೊಯ್ದು, ಎಣ್ಣೆಯ ಡಬ್ಬಿಯ ಜೊತೆ ಹಿಂಡಿಯ ಮೂಟೆಯನ್ನೂ ಮನೆಗೆ ತರುವಂತಾಗಬೇಕು.